ಅಂಚಿಗೆ ನಿಲ್ಲಿಸದ ಫೋಟೋದವರು

ತರೀಕೆರೆ ಬಸ್‌ಸ್ಟ್ಯಾಂಡ್ ಹಿಂದೆ ಸ್ಟುಡಿಯೋ ಇಟ್ಟಿದ್ದ ಫೋಟೋದವರ ಎಡಗಣ್ಣು ಸದಾ ಅರ್ಧ ಮುಚ್ಚಿಕೊಂಡೇ ಇರೋದು. ಕ್ಯಾಮೆರಾದಲ್ಲಿ ನೋಡಿ ನೋಡಿ ಹಾಗಾಗಿತ್ತು. ಊಟ ಆಯ್ತಾ ಅಂತ ಕೇಳಿದರೂ ಗುರಿ ಇಟ್ಟ ಹಾಗೆ ಕಾಣೋರು. ಮಾತೂ ಚುಚ್ಚೋದು. ಮದುಮಗಳಿಗೇ, ಔಷಧಿ ಕುಡಿದಂಗೆ ಮುಖ ಯಾಕವ್ವ ಅನ್ನೋರು. ನನಗೆ ಆ ಮನುಷ್ಯನನ್ನು ಕಂಡರೆ ಆಗ್ತಿರಲಿಲ್ಲ.

ನನ್ನ ಗಂಡ ತೀರಿಕೊಂಡ ದಿನ ಅವರನ್ನು ನಮ್ಮೂರಿಗೆ ಕರೆಸಿದ್ರು. ಎಮರ್ಜೆನ್ಸಿ ಮುಗಿದಿತ್ತು ಆಗ. ನಮ್ಮಲ್ಲಿ ಹೆಣವನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಮನೆಯವರೆಲ್ಲ ಸುತ್ತ ನಿಂತು ಫೋಟೋ ತೆಗೆಸ್ತಾರೆ. ಎಷ್ಟೋ ಜನಕ್ಕೆ ಹುಟ್ಟಿದ್ದಕ್ಕೆ ಅದೊಂದೇ ಫೋಟೋ. ನಾನು ಕೂಡಿಕೆಯಾಗಿ ಬಂದವಳು. ಮೊದಲ ಗಂಡ ಸತ್ತ ಮೇಲೆ ಇವರು ಸೀರೆ ಉಡಿಸಿ ಕರ್ಕೊಂಡು ಬಂದಿದ್ರು, ಧಾರೆ ಇಲ್ಲ, ಓಲಗ ಇಲ್ಲ. ಮೈದುನ ಹೆಣದ ಮುಂದೇ ಅಂದ, "ಅವಳು ಒಳಗಿರ್ಲಿ. ಫೋಟೋ ಮನೆತನದ್ದು." ವರ್ಷಗಟ್ಟಲೆ ಆ ಮನೆ ಸಗಣಿ ಬಾಚಿದವಳು ನಾನು. ಗೋಡೆ ಮೇಲೆ ನಾನಿಲ್ಲದಿದ್ರೆ, ನಾಳೆ ನನ್ನ ಮಗಳನ್ನು ಯಾರ ಮಗಳು ಅಂತಾರೆ?

ಫೋಟೋದವರು ಕೇಳಿಸದ ಹಾಗಿದ್ರು. ಗೋಡೆಯ ಕೆಮ್ಮಣ್ಣಿನ ಪಟ್ಟೆ ನೇರ ನನ್ನ ಗಂಡನ ಕುತ್ತಿಗೆ ಹಿಂದೆ ಹಾದಿತ್ತು. ಹಿಂಗೇ ತೆಗೆದರೆ ಕುತ್ತಿಗೆ ಕೊಯ್ದಂಗೆ ಕಾಣ್ತದೆ ಅಂತ, ಮಣೆ ಮೇಲೆ ಮಣೆ ಹಾಕಿಸಿ ಹೆಣವನ್ನೇ ಎತ್ತರಿಸಿದ್ರು. ಎತ್ತಿದವರೆಲ್ಲ ಬೈದ್ರು. ಒಳಗಿಂದ ನಾನೂ ಬೈದೆ. ನೆಂಟರನ್ನು ಎರಡೂ ಕಡೆ, ಎತ್ತರದವರಿಂದ ಕುಳ್ಳರಿಗೆ ಇಳಿಯೋ ಹಾಗೆ ಓರೆಯಾಗಿ ನಿಲ್ಲಿಸಿದ್ರು. ನೋಡೋರ ಕಣ್ಣು ಜಾರಿಕೊಂಡು ನಡುವಿಗೇ ಬರಬೇಕಂತೆ. ಆಮೇಲೆ ಆ ನಡುವಿಗೆ ನನ್ನನ್ನು ಕರೆದ್ರು. ಮಗು ಎತ್ಕೊಂಡು ಗಂಡನ ಕಾಲ ಹತ್ರ ಕೂತ್ಕೊ ಅಂದ್ರು.

ಮೈದುನ ಹಾರಾಡಿದ. "ಹಂಗಾರೆ ಅಜ್ಜಂಪುರದಿಂದ ಇನ್ನೊಬ್ಬನ್ನ ಕರೆಸ್ಕೊಳಪ್ಪ" ಅಂದ್ರು ಫೋಟೋದವರು. "ಅಲ್ಲೀವರ್ಗೂ ನಿಮ್ಮಣ್ಣ ಕಾಯ್ತಾನಾ ಕೇಳು."

ಜಗಳ ಬೇಡ, ಕೊನೇಲಿ ನಿಂತ್ಕೋತೀನಿ ಅಂದೆ ನಾನು.

"ಅಂಚಲ್ಲಿ ನಿಂತ್ರೆ ನಾಳೆ ಫೋಟೋಗೆ ಹಾಕೋ ಹಾರ ಮುಚ್ಚುತ್ತೆ, ಇಲ್ಲ ಕತ್ತರಿ ತಿನ್ನುತ್ತೆ. ತೆಪ್ಪಗೆ ಕೂತ್ಕೊಳ್ಳವ್ವ."

ಗಂಡನ ಕೈ ಎತ್ತಿ ನನ್ನ ಹೆಗಲ ಮೇಲಿಟ್ಟು ಫೋಟೋ ತೆಗೆದ್ರು.

ಮೈದುನ ಸ್ಟುಡಿಯೋಗೇ ಹೋಗಿ ನನ್ನನ್ನು ಕತ್ತರಿಸಿ ಕೊಡಿ ಅಂದನಂತೆ. ಕತ್ತರಿಸ್ತೀನಿ, ನಿಮ್ಮಣ್ಣನ ಕೈಯೂ ಹೋಗ್ತದೆ, ಪರವಾಗಿಲ್ವಾ ಅಂದರಂತೆ. ಅಣ್ಣನದು ಬೇರೆ ಫೋಟೋ ಇರಲಿಲ್ಲ. ಹಲ್ಲು ಕಚ್ಕೊಂಡು ಹಾಗೇ ತೂಗುಹಾಕಿದ.

ಮಗಳನ್ನು ನೋಡೋಕೆ ಕಡೂರು ಕಡೆಯವರು ಬರೋ ಹೊತ್ತಿಗೆ ಫೋಟೋದವರು ಲಿಂಗೈಕ್ಯರಾಗಿದ್ರು. ಗಂಡಿನ ಅಪ್ಪ ಗೋಡೆ ಮುಂದೆ ನಿಂತು, ಕಾಲ ಹತ್ರ ಕೂತಿರೋರು ಯಾರು ಅಂತ ಮೈದುನನನ್ನು ಕೇಳಿದ. ಅವನು ಅತ್ತ ನೋಡಿದ, ಇತ್ತ ನೋಡಿದ. ಹೆಗಲ ಮೇಲಿನ ಕೈ ಎಲ್ಲರಿಗೂ ಕಾಣ್ತಿತ್ತು.

"ನಮ್ಮತ್ತಿಗೆ" ಅಂದ.

ಆ ಮಾತು ಅವನ ಬಾಯಲ್ಲಿ ಅದೇ ಮೊದಲು. ನಾನು ಕಾಫಿ ತಟ್ಟೆ ಹಿಡಿದು ಬಾಗಿಲಲ್ಲೇ ನಿಂತಿದ್ದೆ. ಸಿಟ್ಟು ಬಂತು. ಮನೇಲಿದ್ದವನ ಬಾಯಿಂದ ಅಷ್ಟು ಹೊರಡಿಸೋಕೆ ಅವತ್ತು ತರೀಕೆರೆಯಿಂದ ಆ ಮನುಷ್ಯ ಬರಬೇಕಾಯ್ತು.