ಗದ್ದವಳ್ಳಿ ಕೆರೆಯ ಹತ್ತಿರ ಕೂಗಿ ಹೇಳಿದ್ದು

ಬೆಳಿಗ್ಗೆ ಹಿತ್ತಲ ತೊಟ್ಟಿ ತುಂಬಿಸಿದೆ, ಎಮ್ಮೆ ಕರೆದೆ, ಬಟ್ಟೆ ಒಗೆದು ಹರವಿದೆ, ಚೊಚ್ಚಲ ಹೆರಿಗೆಗೆ ಬಂದಿದ್ದ ಮಗಳ ತಲೆಗೆ ಎಣ್ಣೆ ಒತ್ತಿದೆ, ಡಬ್ಬಿಗೆ ಮೊಸರನ್ನ ತುಂಬಿದೆ. ಆಮೇಲೆ ನಮ್ಮ ಯಜಮಾನರನ್ನು ಹೊರಡಿಸಿಕೊಂಡು ಹಾಸನದಲ್ಲಿ ಬೇಲೂರಿನ ಬಸ್ಸು ಹತ್ತಿದೆ. ಸಾವಿರದ ಒಂಬೈನೂರ ಅರವತ್ತರ ಆಚೀಚಿನ ಮಾತು. ಮಗಳಿಗೆ ಹರಕೆ ಎಂದು ಹೇಳಿದ್ದೆ. ಹರಕೆ ಯಾವುದೂ ಇರಲಿಲ್ಲ. ಮೂವತ್ತೊಂಬತ್ತನೆಯ ವಯಸ್ಸಿನಲ್ಲಿ, ಮಗಳು ಏಳು ತಿಂಗಳ ಬಸುರಿಯಾಗಿರುವಾಗ, ನನಗೂ ಎರಡು ತಿಂಗಳಾಗಿತ್ತು. ಮೊದಲು ಅವರೊಬ್ಬರಿಗೆ ಹೇಳಬೇಕು; ಏನನ್ನುತ್ತಾರೋ ಎಂಬ ಅಳುಕು ಬೇರೆ. ಆದರೆ ಅವರ ಕಿವಿ ಹೋಗಿ ನಾಲ್ಕು ವರ್ಷ. ಮನೆಯಲ್ಲಿ ಅವರಿಗೆ ಹೇಳಿದ್ದು ಬೀದಿಗೆಲ್ಲ ಹೇಳಿದಂತೆಯೇ.

ಬೇಲೂರಿನ ಗುಡಿಯ ಅಂಗಳ ದೊಡ್ಡದು, ಒಂದು ಮೂಲೆ ಸಿಕ್ಕೀತು ಎಂದುಕೊಂಡದ್ದು ನನ್ನ ದಡ್ಡತನ. ಪ್ರವಾಸಕ್ಕೆ ಬಂದ ಶಾಲೆಯ ಮಕ್ಕಳು, ಕ್ಯಾಮೆರಾದವರು, ಶಿಲ್ಪದ ಕಥೆ ಹೇಳುವವರು. ಕಲ್ಯಾಣಿಯ ಮೆಟ್ಟಿಲ ಮೇಲೆ ಕೊಂಚ ಬಿಡುವು ಕಂಡು, "ಎರಡು ತಿಂಗ್ಳಾಯ್ತು!" ಎಂದು ಕೂಗಿದೆ.

"ಯಾರ್ಗೆ, ಎಮ್ಮೇಗಾ?" ಎಂದರು ಅವರು.

ಕೆಳಗಿನ ಮೆಟ್ಟಿಲಲ್ಲಿ ಕಾಲು ತೊಳೆಯುತ್ತಿದ್ದ ಅಜ್ಜಿಯೊಬ್ಬಳು ತಿರುಗಿ, "ಏನವ್ವಾ ಎರಡು ತಿಂಗ್ಳು?" ಎಂದಳು.

"ಮಳೆ ನಿಂತು ಕಣಜ್ಜಿ" ಎಂದು ಎದ್ದುಬಂದೆ.

ವಾಪಸು ಬರುವಾಗ ಕಂಡಕ್ಟರು, "ಗದ್ದವಳ್ಳಿ ಕೈಮರ! ಯಾರಾರ ಇಳಿಯೋರಿದ್ದೀರಾ?" ಎಂದು ಕೂಗಿದ. ಒಬ್ಬರೂ ಏಳಲಿಲ್ಲ. ಯಾರೂ ಇಳಿಯದ ಜಾಗವೇ ನನಗೆ ಬೇಕಾಗಿದ್ದದ್ದು. ಅವರ ತೋಳು ಹಿಡಿದು ಇಳಿಸಿದೆ. ಗದ್ದೆಗಳ ನಡುವೆ ನಡೆದರೆ ದೊಡ್ಡಗದ್ದವಳ್ಳಿ. ಲಕ್ಷ್ಮೀದೇವಿಯ ಗುಡಿಗೆ ಬೀಗ, ಪಕ್ಕದಲ್ಲಿ ಕೆರೆ, ದಂಡೆಯಲ್ಲಿ ಮೇಯುವ ಒಂದು ಹಸು. ಬೇಲೂರಿನಂಥದೇ ಕೆತ್ತನೆಯ ಕಲ್ಲು. ಇಲ್ಲಿ ನೋಡುವವರೇ ಇಲ್ಲ. ಡಬ್ಬಿ ಬಿಚ್ಚಿ ಅವರ ಮುಂದಿಟ್ಟು, ಉಸಿರು ಕಟ್ಟಿ ಕೂಗಿದೆ:

"ನಾನು ಬಸುರಿ ಕಣ್ರೀ!"

ಹಸು ತಲೆಯೆತ್ತಿತು. ಅವರು ಕೈಯ ತುತ್ತು ನುಂಗಿ ಹೇಳಿದರು:

"ಗೊತ್ತು ಕಣೆ. ಅದಿನೈದು ದಿನದಿಂದ ಒಗ್ಗರಣೆ ಆಕುವಾಗ ಮೂಗು ಮುಚ್ಕತೀಯ. ನಂಗೋಗಿರೋದು ಕಿವಿ, ಕಣ್ಣಲ್ಲ."

"ಮತ್ಯಾಕೆ ಸುಮ್ಕಿದ್ರಿ?"

"ನಂಗೆ ಮೆಲ್ಲಗೆ ಕೇಳಕ್ಕೆ ಬತ್ತದಾ? ನೀನೇ ಏಳ್ಲಿ ಅಂತ ಕಾಯ್ತಿದ್ದೆ."

"ಮಗಳ ಮುಂದೆ ನಾಚ್ಕೆ ಆಯ್ತದೆ!" ನಾಚಿಕೆಯನ್ನೂ ಗಂಟಲು ಹರಿಯುವಂತೆ ಕೂಗಬೇಕಾಯಿತು. ಅವರಿಗೆ ನಗು ತಡೆಯಲಾಗಲಿಲ್ಲ. ನನಗೂ ಬಂತು, ಕಣ್ಣೀರಿನ ಜೊತೆಗೆ. ಡಬ್ಬಿಯನ್ನು ನನ್ನ ಕಡೆಗೆ ನೂಕಿ, "ಮೊದ್ಲು ಉಣ್ಣು. ಮಗಳ್ಗೆ ನಾನೇ ಏಳ್ತೀನಿ" ಎಂದರು.

"ನೀವು ಹೇಳಿದ್ರೆ ಬೀದಿಗೆಲ್ಲ ಕೇಳ್ತದೆ!"

"ಕೇಳ್ಲಿ ಬುಡು."

ದೀಪ ಹಚ್ಚುವ ಹೊತ್ತಿಗೆ ಮನೆ ಸೇರಿದೆವು. ಜಗುಲಿಯಲ್ಲೇ ಅವರು ಮಗಳಿಗೆ ತಮ್ಮ ಮಾಮೂಲಿ ದನಿಯಲ್ಲಿ ಹೇಳಿಬಿಟ್ಟರು. ನಾನು ಸೆರಗಿನ ತುದಿ ಹಿಂಡುತ್ತ ನೆಲ ನೋಡಿದೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು, "ಅಲ್ಲ ಕಣವ್ವ, ಇನ್ನ ಯಾರ ಬಾಣಂತನ ಯಾರು ಮಾಡೋದು?" ಎಂದು ನಗತೊಡಗಿದಳು.

ಅವತ್ತು ನನ್ನನ್ನು ಒಲೆಯ ಹತ್ತಿರ ಬಿಡಲಿಲ್ಲ. ಮುದ್ದೆ, ಅಲಸಂದೆ ಕಾಳಿನ ಬಸ್ಸಾರು, ಕೊನೆಗೆ ಮಜ್ಜಿಗೆ. ಅಪ್ಪ ಮಗಳು ಇನ್ನೂ ತಟ್ಟೆ ತೊಳೆಯುತ್ತಿದ್ದರು. ನನಗೆ ಆಗಲೇ ನಿದ್ದೆ ಬಂದಿತ್ತು.