ಪುಣೆಗೆ ಹೋದ ಕೌದಿಗಳು

ಕೌದಿಯ ಉಪಾಯ ನನ್ನದು ಎಂದು ಇಷ್ಟು ವರ್ಷ ಹೇಳಿಕೊಂಡು ತಿರುಗಿದ್ದೇನೆ. ಈಗ ಬರೆಯಲು ಕೂತರೆ ಕೈ ನಿಲ್ಲುತ್ತಿದೆ. ಮೊದಲು ಹೇಳಿದ್ದು ಪ್ಯಾಕಿಂಗ್ ವಿಭಾಗದ, ನಿರ್ಣಾ ಊರಿನ ಅಕ್ಕ ಇರಬೇಕು. ಇಬ್ಬರಿಗೂ ಒಟ್ಟಿಗೇ ಹೊಳೆಯಿತು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ. ಅದಕ್ಕೇ ಬರೆಯುವುದಿಲ್ಲ.

ಖಾತ್ರಿ ಇರುವುದು ಇಷ್ಟು. ಎರಡು ಸಾವಿರದ ಇಸವಿ ದಾಟಿತ್ತು. ಹುಮನಾಬಾದಿನ ಹೊರಗೆ ಪಿಂಗಾಣಿ ಫ್ಯೂಸ್ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ಮಾಲು ಕಳಿಸುವ ಕೆಲಸ ನನ್ನದು. ನಮ್ಮ ಮಾಲಿನ ದೊಡ್ಡ ಪಾಲು ಕೊಳ್ಳುತ್ತಿದ್ದ ಪುಣೆಯ ಕಂಪನಿಯಿಂದ ಒಂದು ಪತ್ರ ಬಂತು. ಇನ್ನು ಮೇಲೆ ಥರ್ಮೋಕೋಲ್ ಬೇಡ, ಪ್ರತಿ ಸಲ ಹೊಸ ಕಟ್ಟಿಗೆ ಪೆಟ್ಟಿಗೆಯೂ ಬೇಡ. ಪ್ಯಾಕಿಂಗ್ ಸಾಮಾನೆಲ್ಲ ಅದೇ ಲಾರಿಯಲ್ಲಿ ವಾಪಸು ಹೋಗಬೇಕು, ಮುಂದಿನ ಮಾಲು ಅದರಲ್ಲೇ ಬರಬೇಕು. ಎರಡು ಖೇಪು, ಅಂದರೆ ಲಾರಿಯ ಎರಡು ಸುತ್ತು, ನೋಡುತ್ತೇವೆ, ಆಗದಿದ್ದರೆ ಬೇರೆ ಕಡೆ ಕೊಳ್ಳುತ್ತೇವೆ. ಪುಣೆ ಕೈಬಿಟ್ಟರೆ ಭಟ್ಟಿ ಆರುತ್ತದೆ, ಪ್ಯಾಕಿಂಗ್ ಹೆಂಗಸರು ಎಲ್ಲರಿಗಿಂತ ಮೊದಲು ಮನೆಗೆ ಹೋಗುತ್ತಾರೆ.

ಹೆದರಿಕೆ ಆಗಬೇಕಿತ್ತು. ಆಗಿದ್ದು ಹುರುಪು! ನಮ್ಮ ಥರ್ಮೋಕೋಲ್ ಚೂರುಗಳು ಗಾಳಿಗೆ ಹಾರಿ ಹಿಂದಿನ ಹೊಲದ ತೊಗರಿ ಗಿಡಗಳಿಗೆ ಬಿಳಿ ಹೂವಿನ ಹಾಗೆ ಅಂಟಿಕೊಂಡಿದ್ದನ್ನು ನಾನು ದಿನಾ ನೋಡುತ್ತಿದ್ದೆ. ಬಸವಕಲ್ಯಾಣದಿಂದ ಬರುವ ಬಸ್ಸಿನಲ್ಲಿ, ಹಳ್ಳಿಖೇಡದ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಸಿಕ್ಕಿಕೊಂಡು, ಟಿಕೆಟ್ಟಿನ ಬೆನ್ನಿಗೆ ಪೆಟ್ಟಿಗೆಗಳ ಚಿತ್ರ ಬರೆದೆ. ಪೆಟ್ಟಿಗೆಗೆ ಉಪಾಯವಿತ್ತು, ಮೊಳೆ ಬಿಟ್ಟು ಕೊಂಡಿ ಹಾಕಿಸಿದರೆ ಸಾಕು. ಆದರೆ ಪಿಂಗಾಣಿ ಒಡೆಯದಂತೆ ನಡುವೆ ಏನು ಹಾಸುವುದು?

ಹಳೆ ಸೀರೆ. ಹೆಂಗಸರು ಮನೆಮನೆಯಿಂದ ತಂದರು, ಪದರ ಪದರ ಹಾಕಿ ಕೌದಿ ಹೊಲಿದರು. ಫ್ಯೂಸಿನ ಸಾಲು, ಕೌದಿ, ಮತ್ತೆ ಸಾಲು. ತುಂಬಿದ ಪೆಟ್ಟಿಗೆಯನ್ನು ನಮ್ಮ ಲಾರಿಯ ಡ್ರೈವರ್, ಬಸವಕಲ್ಯಾಣದ ಹಿರಿಯ, ಲಾರಿಯ ಮೇಲಿಂದ ಕೆಳಗೆ ಒಗೆದ.

"ಇನ್ನೊಮ್ಮೆ ಒಗೀರಿ ಕಾಕಾ!" ಎಂದು ಹೆಂಗಸರು ಕೂಗಿದರು.

ಬಿಚ್ಚಿದೆವು. ಒಂದೂ ಒಡೆದಿರಲಿಲ್ಲ. ಯಾರೋ ಸಿಳ್ಳೆ ಹೊಡೆದರು. ನಾನೇ ಇರಬಹುದು.

ಮೊದಲ ಖೇಪು ಹೋಯಿತು. ಲಾರಿ ತಿರುಗಿ ಬಂದಾಗ ಪೆಟ್ಟಿಗೆಗಳೆಲ್ಲ ಇದ್ದವು. ಒಳಗೆ ಒಂದು ಕೌದಿಯೂ ಇರಲಿಲ್ಲ.

"ಪೆಟ್ಟಿಗಿ ಬರಾಬರ್ ಅವ ನೋಡ್ರಿ ಸಾಹೇಬ್ರ," ಎಂದ ಡ್ರೈವರ್. "ಕೌದಿ ಮಾತ್ರ ಕೇಳಬ್ಯಾಡ್ರಿ."

"ಯಾಕ?"

"ಅಲ್ಲಿ ಮಾಲು ಇಳಸೋ ಹಮಾಲರು ಯಾರಂತ ತಿಳದೀರಿ? ಎಲ್ಲಾ ನಮ್ಮ ಕಡೀ ಮಂದಿ. ರಾಜೇಶ್ವರದವ್ರೇ ನಾಕು ಮಂದಿ ಅದಾರ. ಪೆಟ್ಟಿಗಿ ತಗದ್ರು, ಕೌದಿ ಕಂಡ್ರು, ಊರಿಂದ ನಮಗ ಕಳಿಸ್ಯಾರ ಅಂತ ಹೊತ್ಕೊಂಡು ಹೋದ್ರು. ಥಂಡಿ ಹ್ಯಾಂಗದ ಗೊತ್ತೇನ್ರಿ ಅಲ್ಲಿ?"

"ನೀವು ಬ್ಯಾಡ ಅನಲಿಲ್ಲೇನು?"

ಅವನು ಕ್ಯಾಬಿನ್ ಕಡೆ ನೋಡಿದ. "ಒಂದು ನಾನೂ ಇಟ್ಕೊಂಡೀನ್ರಿ."

ಸೀಟಿನ ಮೇಲೆ ಅದು ಮಡಚಿಕೊಂಡು ಕೂತಿತ್ತು. ಕೆಂಪು ಅಂಚು, ನಾಲ್ಕು ಮೂಲೆಗೂ ಮುಕ್ಕೋನದ ತುಂಡು. ನಾನು ಕೇಳಿದ್ದು ಪಿಂಗಾಣಿಗೆ ಹಾಸು. ಇವರು ಹೊಲಿದದ್ದು ಮನುಷ್ಯ ಹೊದೆಯುವ ಕೌದಿ, ಮನೆಯಲ್ಲಿ ಹೊಲಿಯುವಂತೆಯೇ, ಮೂಲೆ ಬಿಡದೆ. ಪುಣೆಯವರು ಅದಾಗಲೇ ಒಂದು ಸಾಲು ಬರೆದು ಕಳಿಸಿದ್ದರು: ಪ್ಯಾಕಿಂಗ್ ಪೂರ್ತಿ ವಾಪಸಾಗಿಲ್ಲ, ಉಳಿದಿದ್ದು ಒಂದೇ ಖೇಪು.

"ಇಷ್ಟು ಚಂದ ಯಾಕ ಹೊಲಿದ್ರಿ ಅಕ್ಕಾ?" ಎಂದೆ, ಪ್ಯಾಕಿಂಗ್ ಶೆಡ್ಡಿಗೆ ಹೋಗಿ. "ಜರಾ ಕೆಟ್ಟ ಹೊಲೀರಿ ಈ ಸಲ."

"ಕೆಟ್ಟ ಹೊಲ್ಯಾಕ ನಮಗ ಬರಂಗಿಲ್ರಿ," ಎಂದಳು ನಿರ್ಣಾದ ಅಕ್ಕ, ಮುಖ ಗಂಟಿಕ್ಕಿಕೊಂಡು. "ನೀವೇ ಹೊಲ್ಕೋರಿ."

"ಸಾಹೇಬ್ರು ಹೊಲಿದ್ರ ಯಾರೂ ಒಯ್ಯಂಗಿಲ್ಲ ಬಿಡ್ರಿ," ಎಂದು ಹಿಂದಿನಿಂದ ಇನ್ನೊಬ್ಬಳು. ಇಡೀ ಶೆಡ್ಡು ನಕ್ಕಿತು.

ಅಕ್ಕ ಮಾತ್ರ ನಗಲಿಲ್ಲ. ಸೀರೆಯ ಒಂದು ಪಟ್ಟಿ ಹರಿದು ನೆಲಕ್ಕೆ ಹಾಸಿದಳು. ಅಗಲ ಬರೀ ಒಂದು ಗೇಣು, ಉದ್ದ ಗೋಡೆಯಿಂದ ಗೋಡೆಗೆ. "ಹಿಂಗ ಹೊಲೀತೀವಿ. ಇದನ್ನ ಹೊದ್ಕೊಂಡು ಯಾಂವ ಮಲಗತಾನ? ಹಾವು ಮಲಗಬೇಕು!"

ಆ ಕ್ಷಣ ನನ್ನ ಮೈ ಜುಮ್ಮೆಂದದ್ದು ಮಾತ್ರ ನಿಜ, ಅದನ್ನು ಯಾರೂ ತಿದ್ದಬೇಡಿ. ಗೇಣಗಲದ ಪಟ್ಟಿ ಫ್ಯೂಸುಗಳ ನಡುವೆ ಹಾವಿನಂತೆಯೇ ಸುತ್ತಿಕೊಂಡು ಹೋಯಿತು. ಮೊದಲಿಗಿಂತ ಹೆಚ್ಚು ಮಾಲು ಅದೇ ಪೆಟ್ಟಿಗೆಯಲ್ಲಿ ಹಿಡಿಸಿತು. ಮೂಲೆಗೆ ಮುಕ್ಕೋನದ ತುಂಡು ಹಾಕುವುದನ್ನು ಅವರು ಆಗಲೂ ಬಿಡಲಿಲ್ಲ.

ಎರಡನೇ ಖೇಪು ಹೋಗಿ ಲಾರಿ ಬರುವ ದಿನಕ್ಕೆ ನನ್ನ ನೆನಪು ಒಂದು ಮಳೆ ಸುರಿಸುತ್ತದೆ. ಸುಳ್ಳು. ಅದು ಕಬ್ಬು ಕಡಿಯುವ ಕಾಲ, ಅಂಗಳದಲ್ಲಿ ಕೆಂಪು ಧೂಳಿತ್ತು. ಹಾರ್ನ್ ಕೇಳಿದ್ದೇ ಹೆಂಗಸರು ಅರ್ಧ ರೊಟ್ಟಿ ಕೈಯಲ್ಲಿ ಹಿಡಿದೇ ಓಡಿದರು. ಲಾರಿಗೆ ಹೊದಿಸಿದ ತಾಡಪತ್ರಿಯ ಹಗ್ಗ ಬಿಚ್ಚಲು ಡ್ರೈವರನಿಗೆ ಬಿಡದೆ ಎಳೆದರು. ಪಟ್ಟಿಗಳು ಒಂದೊಂದಾಗಿ ಕೈಯಿಂದ ಕೈಗೆ, ಎಣಿಕೆ ಬಾಯಿಂದ ಬಾಯಿಗೆ. ಕೊನೆಯದೂ ಬಂತು. ಎಲ್ಲವೂ ಇದ್ದವು!

ಒಂದು ಪಟ್ಟಿಯನ್ನು ಅಕ್ಕ ಬೆಳಕಿಗೆ ಹಿಡಿದಳು. "ಇದು ನಮ್ಮ ಹೊಲಿಗಿ ಅಲ್ಲ."

"ಇಳಸೋವಾಗ ಹರೀತ್ರಿ," ಎಂದ ಡ್ರೈವರ್. "ಹಮಾಲನ ಹೇಣತಿ ಒಬ್ಬಾಕಿ ಅಲ್ಲೇ ಕುಂತು ಹೊಲಿದು ಕೊಟ್ಟಳು. ಇಷ್ಟು ಸಣ್ಣ ಕೌದಿ ಯಾರಿಗಿ ಹೊಲ್ಯಾಕತ್ತೀರಿ, ನಿಮ್ಮ ಊರಾಗ ಗಂಡಸರು ಅಷ್ಟು ಸೊರಗ್ಯಾರೇನು ಅಂತ ಕೇಳಿ ಬಾ ಅಂದಾಳ."

ಹಸಿರು ದಾರದ ಹೊಲಿಗೆ ಎಂದು ಬರೆದಿದ್ದೆ, ಹೊಡೆದುಹಾಕಿದೆ. ಥರ್ಮೋಕೋಲ್ ಬಿಟ್ಟ ಕಥೆಗೆ ಹಸಿರು ಹೊಂದುತ್ತದೆಂದು ನಾನೇ ಹಚ್ಚಿದ ಬಣ್ಣವಿರಬಹುದು. ಅಕ್ಕ ಹೇಳಿದ್ದು ನೆನಪಿದೆ: "ಹೊಲಿಗಿ ಟಾಕಿ ದೊಡ್ಡ ಅವ. ಇರಲಿ, ಗಟ್ಟಿ ಅದ."

ಅಷ್ಟರಲ್ಲಿ ಆಫೀಸಿನ ಫೋನು. ಪುಣೆ. ಮುಂದಿನ ಮಾಲು ಯಾವಾಗ ಎಂದು ಕೇಳುತ್ತಿದ್ದರು. ನಾನು ಬಾಗಿಲಿಗೆ ಓಡಿ ಬಂದು ಕೂಗಿದೆ. ಯಾರೂ ತಿರುಗಿ ನೋಡಲಿಲ್ಲ. ಅವರಾಗಲೇ ಪೆಟ್ಟಿಗೆಗಳಿಗೆ ಪಟ್ಟಿ ಹಾಸಲು ಕೂತಿದ್ದರು.