ಬೆರಳಿನ ಮೂರು ಸುತ್ತು

ಗ್ಯಾರೇಜಿನ ಗಿರಾಕಿಗಳಿಂದ ಹಿಡಿದು ಎದುರಿನ ಟೀ ಅಂಗಡಿಯವನವರೆಗೆ ಎಲ್ಲರೂ ಅವಳನ್ನು ಮೊಂಡಕ್ಕ ಎನ್ನುತ್ತಿದ್ದರು. ಆ ಹೆಸರಿಟ್ಟವನು ಅವಳ ಅಪ್ಪನೇ. ಸಣ್ಣವಳಿದ್ದಾಗ ಒಮ್ಮೆ ತುಕ್ಕು ಹಿಡಿದ ನಟ್ಟೊಂದನ್ನು ಬಿಚ್ಚಲು ಕೂತು, ಊಟಕ್ಕೆ ಕರೆದರೂ ಏಳದೆ, ಅದನ್ನು ಬಿಚ್ಚಿಯೇ ಎದ್ದಿದ್ದಳು. ಅಪ್ಪ ನಕ್ಕು ಹೆಸರಿಟ್ಟ, ಕೆಲಸ ಮಾತ್ರ ಮಗನಿಗೆ ಕಲಿಸಿದ. ಮಗಳ ಪಾಲಿಗೆ ಬಂದದ್ದು ಸೀಮೆಎಣ್ಣೆಯಲ್ಲಿ ಬಿಡಿಭಾಗಗಳನ್ನು ತೊಳೆಯುವುದು. ತೊಳೆಯಲು ಕೂರಿಸಿದವರು ಕಣ್ಣಿಗೇನೂ ಬಟ್ಟೆ ಕಟ್ಟಿರಲಿಲ್ಲವಲ್ಲ. ಅವಳು ನೋಡಿ ನೋಡಿಯೇ ಕಲಿತಳು.

ಅಪ್ಪ ತೀರಿಕೊಂಡ ಮೇಲೆ ಗ್ಯಾರೇಜು ತಮ್ಮನದಾಯಿತು. ಬ್ರೇಕು ಬಿಚ್ಚುವುದು, ಜೋಡಿಸುವುದು ಮೊಂಡಕ್ಕನ ಕೆಲಸ. ಡ್ರಿಲ್ ಹಿಡಿಯುವುದು, ಹಾಳಾದ ತೂತಿನಲ್ಲಿ ಬೋಲ್ಟು ಕಚ್ಚಿಕೊಳ್ಳುವ ಸುತ್ತುಗೆರೆಯನ್ನು, ಅಂದರೆ ಥ್ರೆಡ್ಡನ್ನು, ಹೊಸದಾಗಿ ಕೊರೆಯುವುದು ಮಾತ್ರ ತಮ್ಮನದು. ಆ ಸಾಮಾನಿನ ಡಬ್ಬಿ ಅವನ ಡ್ರಾಯರಿನಲ್ಲಿ ಬೀಗದೊಳಗೆ ಇರುತ್ತಿತ್ತು. "ಹೆಂಗಸರ ಕೈ ನಡುಗುತ್ತೆ" ಎನ್ನುತ್ತಿದ್ದ ಅವನು. ಅವನಿಗೆ ರಸ್ತೆ ದಾಟಿ, ತುಂಬಿದ ಟೀ ಲೋಟವನ್ನು ಒಂದು ಹನಿ ಚೆಲ್ಲದೆ ತಂದುಕೊಡುತ್ತಿದ್ದುದು ಅದೇ ಕೈ.

ಆ ದಿನ ಬೇಕರಿಯವನ ವ್ಯಾನ್ ಬಂದಿತ್ತು. ಅದರ ಬೆನ್ನ ಮೇಲೆ 'ಅವಸರವೇ ಅಪಘಾತಕ್ಕೆ ಕಾರಣ' ಎಂದು ದಪ್ಪಕ್ಷರದಲ್ಲಿ ಬರೆಸಿದ್ದ. ಬರೆಸಿದವನೇ ಬೆಳಗಿನಿಂದ ಮೇಲಿಂದ ಮೇಲೆ ಫೋನ್ ಮಾಡಿ ಜೀವ ತಿನ್ನುತ್ತಿದ್ದ. ತಮ್ಮ ತಡೆಯಲಾರದೆ ಅಕ್ಕನನ್ನು ಪಕ್ಕಕ್ಕೆ ಸರಿಸಿ ಮುಂದಿನ ಚಕ್ರದ ಬ್ರೇಕು ತಾನೇ ಜೋಡಿಸಲು ಕೂತ. ಬೋಲ್ಟನ್ನು ಮೊದಲು ಬೆರಳಲ್ಲಿ ಮೂರು ಸುತ್ತು ತಿರುಗಿಸಬೇಕು, ಅದು ಸಲೀಸಾಗಿ ಹೋದರೆ ಮಾತ್ರ ಸ್ಪ್ಯಾನರ್ ಹಾಕಬೇಕು ಎಂಬುದು ಅಪ್ಪನ ನಿಯಮ. ತಮ್ಮನೋ, ಬೋಲ್ಟನ್ನು ತೂತಿನ ಬಾಯಿಗೆ ಓರೆಯಾಗಿಟ್ಟು, ಬೆರಳಲ್ಲಿ ತಿರುಗಿಸದೆಯೇ ಗಾಳಿಯ ಒತ್ತಡದಲ್ಲಿ ಬಿಗಿಯುವ ಏರ್ ಗನ್ ಒತ್ತಿದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಗರ್ರೆಂದು ಒಂದು ಸದ್ದಾಯಿತು, ಆಮೇಲೆ ಬೋಲ್ಟು ಬಿಗಿಯಾಗದೆ ಸುಮ್ಮನೆ ತಿರುಗತೊಡಗಿತು.

"ಥ್ರೆಡ್ ಹೋಯ್ತು" ಎಂದಳು ಮೊಂಡಕ್ಕ.

"ಗೊತ್ತು. ತೆಳು ತಂತಿ ಸುತ್ತಿ ಅಂಟು ಹಾಕಿದ್ರೆ ಕೂತ್ಕೊಳ್ಳುತ್ತೆ. ಇನ್ನೊಂದು ಬೋಲ್ಟ್ ಗಟ್ಟಿಯಾಗೇ ಇದೆಯಲ್ಲ."

"ಲೋ, ಇದು ಮೇಜಿನ ಕಾಲಲ್ಲ. ಮಾರ್ಕೆಟ್ ಇಳಿಜಾರಲ್ಲಿ ಬ್ರೇಕ್ ಒತ್ತಿದಾಗ ಕಿತ್ಕೊಂಡು ಬಂದ್ರೆ?"

"ಕೊರೀತಾ ಕೂತ್ರೆ ಸಂಜೆ ಆಗುತ್ತೆ. ನಮ್ಮ ಕೈಯಲ್ಲೇ ಹಾಳಾಯ್ತು ಅಂತ ಅವನಿಗೂ ಗೊತ್ತಾಗುತ್ತೆ. ಗ್ಯಾರೇಜ್ ನಂದು ಅಕ್ಕ. ಹೇಳಿದಷ್ಟು ಮಾಡು. ಆಗಲ್ಲ ಅಂದ್ರೆ ನಾಳೆಯಿಂದ ಬರಬೇಡ."

ಹೇಳಿ, ಅಂಟು ತರಲು ಅಂಗಡಿಗೆ ಹೊರಟ.

ಮೊಂಡಕ್ಕನಿಗೆ ಮೈಯೆಲ್ಲ ಉರಿಯಿತು. ಅವಳ ಗಂಡ ಲಾರಿ ಓಡಿಸುವವನು. ಯಾವ ಊರಿನ ಯಾವ ಮೆಕ್ಯಾನಿಕ್ಕು ಬಿಗಿದ ಬೋಲ್ಟೋ ಏನೋ, ಅದರ ದಯೆಯಿಂದಲೇ ಅವನು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದಾನೆ ಎಂಬುದು ಅವಳ ನಂಬಿಕೆ. ಉಳಿದ ಎಲ್ಲದರಲ್ಲೂ ತಮ್ಮನ ಮಾತು ನುಂಗಿಕೊಂಡವಳು ಇದನ್ನು ನುಂಗಲಾರದೆ ಹೋದಳು. ಕೆಲಸಕ್ಕೆ ಕೂರುವಾಗ ತಮ್ಮ ಬಿಚ್ಚಿಟ್ಟ ಅಂಗಿ ಗೋಡೆಯ ಮೊಳೆಗೆ ನೇತಾಡುತ್ತಿತ್ತು. ಜೇಬಿಗೆ ಕೈ ಹಾಕಿ ಡ್ರಾಯರಿನ ಕೀ ತೆಗೆದಳು.

ತೂತನ್ನು ಒಮ್ಮೆ ಕೊರೆದು ದೊಡ್ಡದು ಮಾಡಿದರೆ ಮುಗಿಯಿತು, ಆಮೇಲೆ ಅದರಲ್ಲಿ ಅಂಟೂ ನಿಲ್ಲದು, ತಂತಿಯೂ ನಿಲ್ಲದು. ಹೊಸ ಥ್ರೆಡ್ ಕೊರೆದು ಒಳಗೆ ಸ್ಟೀಲಿನ ಸುರುಳಿ ಕೂರಿಸುವುದೊಂದೇ ದಾರಿ. ಅದಕ್ಕೇ ಅವಳು ಡ್ರಿಲ್ ಎತ್ತಿಕೊಂಡಳು. ಕೂದಲೆಳೆ ಸೊಟ್ಟಗೆ ಹೋದರೂ ಬ್ರೇಕು ಕೂರುವ ಇಡೀ ಕಬ್ಬಿಣದ ತೋಳು ಗುಜರಿಗೆ. ಆಗ ತಮ್ಮ ಹೇಳಿದ್ದೇ ನಿಜವಾಗುತ್ತದೆ. ಕೈ ನಡುಗಿತು. ನಡುಗಿದರೆ ನಡುಗಲಿ ಎಂದುಕೊಂಡು ಮೊಣಕೈಯನ್ನು ಮಂಡಿಗೆ ಊರಿ, ಡ್ರಿಲ್ ನೇರವಿದೆಯೇ ಎಂದು ನೋಡಲು ಪಕ್ಕದಲ್ಲಿ ಮೂಲೆಮಟ್ಟ ನಿಲ್ಲಿಸಿಕೊಂಡು, ಗುಂಡಿ ಒತ್ತಿದಳು.

ತಮ್ಮ ಬಂದಾಗ ಅವಳು ಹಳೆಯ ಬೋಲ್ಟನ್ನು ತೂತಿಗೆ ಹಾಕಿ ತೋರಿಸಿದಳು. ಅದು ಬಾವಿಗೆ ಬಿಟ್ಟ ಕೊಡದ ಹಾಗೆ ಸರ್ರನೆ ಇಳಿಯಿತು.

"ಈಗ ಹಾಕು ಅಂಟು."

ತಮ್ಮ ಅಂಟಿನ ಟ್ಯೂಬು ಹಿಡಿದುಕೊಂಡೇ ಬಗ್ಗಿ ತೂತಿನೊಳಗೆ ಇಣುಕಿದ. "ಸೊಟ್ಟಗಾಗಿದ್ರೆ ನಿನ್ನ ಕಥೆ ಇದೆ" ಎಂದ.

"ಆಗಿದ್ರೆ ತಾನೇ."

ಎಣ್ಣೆ ಬಿಟ್ಟು, ಥ್ರೆಡ್ ಕೊರೆಯುವ ಹಲ್ಲಿನ ಕಡ್ಡಿ ಟ್ಯಾಪನ್ನು ಅರ್ಧ ಸುತ್ತು ಮುಂದೆ, ಚೂರು ಹಿಂದೆ ತಿರುಗಿಸುತ್ತಾ ಕೊರೆದಳು. ಪುಡಿ ಒರೆಸಿ, ತೂತಿನ ಎಣ್ಣೆಯನ್ನೆಲ್ಲ ತೊಳೆದು, ಸುರುಳಿ ಕೂರಿಸಿ, ಅದನ್ನು ತಿರುಗಿಸಲೆಂದೇ ತುದಿಗಿದ್ದ ಬಾಲ ಮುರಿದು ತೆಗೆದಳು. ಆಮೇಲೆ ಹೊಸ ಬೋಲ್ಟೊಂದನ್ನು ತಮ್ಮನ ಕೈಗೆ ಕೊಟ್ಟಳು. ಅವನು ಬೆರಳಲ್ಲಿ ತಿರುಗಿಸಿದ. ಮೂರು ಸುತ್ತಲ್ಲ, ತಲೆ ಹೋಗಿ ತಾಕುವವರೆಗೂ ಬೆರಳಲ್ಲೇ ಹೋಯಿತು. ಬಿಗಿ ಸಾಕಾದೊಡನೆ ಸದ್ದು ಮಾಡುವ ಸ್ಪ್ಯಾನರ್ ಹಾಕಿ ಎಳೆದ. ಟಕ್ ಎಂದಿತು. ನಂಬಿಕೆಯಾಗದೆ ಇನ್ನೊಮ್ಮೆ ಎಳೆದ, ಅದು ಮತ್ತೆ ಟಕ್ ಎಂದಿತು.

ಬೇಕರಿಯವನು ಸಂಜೆ ಗೊಣಗುತ್ತಾ ಬಂದ. ತಮ್ಮ ಏನೋ ನೆಪ ಹುಡುಕುತ್ತಿದ್ದ. ಅಷ್ಟರಲ್ಲಿ ಮೊಂಡಕ್ಕ, "ಬೋಲ್ಟ್ ಹಾಕುವಾಗ ನಮ್ಮ ಕೈಯಲ್ಲೇ ಥ್ರೆಡ್ ಹಾಳಾಯ್ತು. ನಾವೇ ಸರಿ ಮಾಡಿದ್ದೀವಿ. ಅದಕ್ಕೇ ತಡ" ಎಂದಳು.

"ನೀವು ಹೇಳದಿದ್ರೆ ನನಗೆ ಗೊತ್ತೇ ಆಗ್ತಿರಲಿಲ್ಲವಲ್ಲಮ್ಮ."

"ಅದಕ್ಕೇ ಹೇಳಿದ್ದು."

ಬೇಕರಿಯವನು ಅವಳನ್ನೊಮ್ಮೆ, ಚಕ್ರವನ್ನೊಮ್ಮೆ ನೋಡಿ, ವ್ಯಾನ್ ಹತ್ತಿ ಹೋದ. ತಮ್ಮನ ಮುಖ ಕೆಂಪಾಗಿತ್ತು. "ನಾಳೆಯಿಂದ ಬರಬೇಡ" ಎಂದ. ಮೊಂಡಕ್ಕ ಕೈ ತೊಳೆದುಕೊಂಡು ಮನೆಗೆ ಹೋದಳು. ರಾತ್ರಿ ಅತ್ತಳು ಕೂಡ. ತಪ್ಪು ಮಾಡಿದೆ ಎಂದಲ್ಲ, ಆ ಗ್ಯಾರೇಜು ಬಿಟ್ಟರೆ ಅವಳಿಗೆ ಬೇರೆ ಜಗತ್ತೇ ಇರಲಿಲ್ಲ.

ಬೆಳಿಗ್ಗೆ ಎಂದಿನ ಹೊತ್ತಿಗೇ ಬಂದಳು. ತಮ್ಮ ಯಾವುದೋ ಕಾರಿನ ಚಕ್ರದ ಮುಂದೆ ಕುಕ್ಕರುಗಾಲಲ್ಲಿ ಕೂತು ಬೋಲ್ಟು ಹಾಕುತ್ತಿದ್ದ. ಏರ್ ಗನ್ ಮೂಲೆಯಲ್ಲಿತ್ತು.

"ನಿನ್ನೆ ಹೇಳಿದ್ದು ಕೇಳಿಸ್ಲಿಲ್ವಾ?" ಎಂದ, ಮುಖ ತಿರುಗಿಸದೆ.

"ಕೇಳಿಸ್ತು" ಎಂದು ಅವಳು ತನ್ನ ಸ್ಟೂಲಿನ ಕಡೆ ನಡೆದಳು.

ಸ್ಟೂಲಿನ ಮೇಲೆ ಡ್ರಾಯರಿನ ಕೀ ಇತ್ತು. ಮೊಂಡಕ್ಕ ಅದನ್ನು ಜೇಬಿಗೆ ಹಾಕಿಕೊಂಡಳು. ವಾಪಸ್ ಕೇಳಿದರೂ ಕೊಡುವ ಇರಾದೆ ಅವಳಿಗಿರಲಿಲ್ಲ.